ಕುಬಸಕ್ಕೆ ಮೊದಲೇ ಒಂದು ಹನಿ ರಕ್ತ



ಇವತ್ತಿನ ದತ್ತಿ ಉಪನ್ಯಾಸದ ವಿಷಯ ಹೇಳಿದಾಗ ಸಂಘಟಕರು ಸ್ವಲ್ಪ ಹಿಂಜರಿದರು. 'ಹೆಣ್ಣುಮಕ್ಕಳು ಕೂತಿರ್ತಾರಲ್ಲ ಸಾರ್' ಅಂದರು. ಅವರು ಕೂತಿರ್ತಾರೆ ಅಂತಲೇ ಆರಿಸಿಕೊಂಡೆ.

ಬಸಿರು ಎರಡು ಮೂರು ಸಲ ನಿಲ್ಲದೆ ಹೋದರೆ ನಮ್ಮ ಕಡೆ ಗಾಳಿ ಸೋಕಿದೆ ಅನ್ನುತ್ತಾರೆ, ಹರಕೆ ಹೊರುತ್ತಾರೆ, ಕೊನೆಗೆ ಸೊಸೆಯ ಕಾಲ್ಗುಣಕ್ಕೆ ಬಂದು ನಿಲ್ಲುತ್ತಾರೆ. ಕಾರಣ ಹತ್ತಾರು ಇರಬಹುದು. ಯಾರೂ ಬಾಯಿ ಬಿಟ್ಟು ಹೇಳದ ಒಂದು ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್. ಹಳಬರ ಮಾತಿನಲ್ಲಿ ಪರಂಗಿ ರೋಗ. ಹದಿನಾರನೇ ಶತಮಾನದ 'ಭಾವಪ್ರಕಾಶ'ದಲ್ಲಿ ಫಿರಂಗ ರೋಗ. ಇಟಲಿಯವರು ಇದನ್ನೇ ಫ್ರೆಂಚರ ರೋಗ ಅಂದರು, ಫ್ರೆಂಚರು ನೇಪಲ್ಸಿನ ರೋಗ ಅಂದರು. ತನ್ನ ಮನೆಯದು ಎಂದು ಒಪ್ಪಿಕೊಂಡವರು ಯಾರೂ ಇಲ್ಲ!

ಈ ರೋಗದ ಹುಣ್ಣು ನೋಯುವುದಿಲ್ಲ, ತಾನಾಗಿ ಮಾಯುತ್ತದೆ. ಹೆಂಗಸಿಗೆ ಒಳಗೆ ಆದರೆ ಕಾಣುವುದೂ ಇಲ್ಲ. ರೋಗಾಣು ಮಾತ್ರ ರಕ್ತದಲ್ಲಿದ್ದು, ಮಾಸು ದಾಟಿ ಕೂಸನ್ನು ಮುಟ್ಟುತ್ತದೆ. ಸೋಂಕು ಹೊಸದಾಗಿದ್ದು ಚಿಕಿತ್ಸೆ ಸಿಗದಿದ್ದರೆ ಅರ್ಧಕ್ಕಿಂತ ಹೆಚ್ಚು ಬಸಿರುಗಳಲ್ಲಿ ಕೇಡು ಕಟ್ಟಿಟ್ಟದ್ದು: ಗರ್ಭಪಾತ, ಹೊಟ್ಟೆಯಲ್ಲೇ ಸಾವು, ದಿನ ತುಂಬದ ಹೆರಿಗೆ, ತೂಕವಿಲ್ಲದ ಮಗು. ಹುಟ್ಟಿದಾಗ ಚೆನ್ನಾಗಿದ್ದ ಕೂಸಿಗೂ ಕೆಲವು ವಾರ ಕಳೆದ ಮೇಲೆ ಮೂಗು ಸೋರುತ್ತದೆ, ಅಂಗೈ ಅಂಗಾಲಿನ ಚರ್ಮ ಸುಲಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2022ರಲ್ಲಿ ಜಗತ್ತಿನ 11 ಲಕ್ಷ ಬಸುರಿಯರಿಗೆ ಸಿಫಿಲಿಸ್ ಇತ್ತು, ಅದರಿಂದ 3.9 ಲಕ್ಷ ಬಸಿರುಗಳಿಗೆ ಕೇಡಾಯಿತು.

ತಾಯಿಯಿಂದ ಕೂಸಿಗೆ ದಾಟುವ ಸೋಂಕು ಇದೊಂದೇ ಅಲ್ಲ. ಗೊನೋರಿಯಾ, ಕ್ಲಮಿಡಿಯ ಇದ್ದರೆ ಹೆರಿಗೆ ಬೇಗ ಆಗಬಹುದು, ಕೂಸಿನ ಕಣ್ಣಿಗೂ ಸೋಂಕು ತಗಲಬಹುದು. ಎಚ್‌ಐವಿ ಚಿಕಿತ್ಸೆಯಿಲ್ಲದೆ 100ರಲ್ಲಿ 15ರಿಂದ 45 ಮಕ್ಕಳಿಗೆ ದಾಟುತ್ತದೆ, ಮಾತ್ರೆ ನುಂಗಿದರೆ 5ಕ್ಕಿಂತ ಕಡಿಮೆ. ಹೆಪಟೈಟಿಸ್ ಬಿ ತಡೆಯಲು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಬೇಕು. ನಾನು ಸಿಫಿಲಿಸನ್ನೇ ಹಿಡಿದು ಕೂತಿರುವುದು ಅದರ ಮದ್ದು ಇಷ್ಟು ಅಗ್ಗವಾಗಿದ್ದೂ ಮಕ್ಕಳು ಸಾಯುತ್ತಿರುವುದರಿಂದ.

ಬೆರಳು ಚುಚ್ಚಿ ಒಂದು ಹನಿ ರಕ್ತ ಕಿಟ್ಟಿಗೆ ಬಿಟ್ಟರೆ ಹತ್ತಿಪ್ಪತ್ತು ನಿಮಿಷದಲ್ಲಿ ಎಚ್‌ಐವಿ, ಸಿಫಿಲಿಸ್ ಎರಡೂ ತಿಳಿಯುತ್ತವೆ. ಮದ್ದು ಬೆಂಜಥಿನ್ ಪೆನಿಸಿಲಿನ್, 24 ಲಕ್ಷ ಯೂನಿಟ್. ಸೀಸೆಯ ಬಿಳಿ ಪುಡಿಗೆ ನೀರು ಬೆರೆಸಿ ಅಲ್ಲಾಡಿಸಿದರೆ ಗಟ್ಟಿ ಹಾಲಿನಂತಾಗುತ್ತದೆ. ಸೂಜಿ ದಪ್ಪ, ಕುಂಡೆಗೆ ಆಳವಾಗಿ ಚುಚ್ಚಬೇಕು, ನೋವು ಜೋರು. ಸೋಂಕು ಹೊಸದಾದರೆ ಒಂದೇ ಸಲ. ಎಂದಿನದೋ ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು. ಅಲರ್ಜಿ ಎಂದು ಬೇರೆ ಮಾತ್ರೆ ಕೊಟ್ಟರೆ ತಾಯಿಗೆ ನಾಟಬಹುದು, ಕೂಸಿಗೆ ನೆಚ್ಚಿಕೊಳ್ಳುವಂತಿಲ್ಲ; ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು.

ಕಷ್ಟ ಇರುವುದು ದಿನದ ಲೆಕ್ಕದಲ್ಲಿ. ಸೂಜಿಗೂ ಹೆರಿಗೆಗೂ ನಡುವೆ ಕಡೇಪಕ್ಷ 30 ದಿನ ಬೇಕು, ಮೊದಲ ಮೂರು ತಿಂಗಳಲ್ಲೇ ಪತ್ತೆಯಾದರೆ ಒಳಿತು. ಈಗ ನಮ್ಮ ರೂಢಿ ನೋಡಿ. ನ್ಯಾಮತಿಯ ಮಗಳನ್ನು ಜಗಳೂರಿಗೆ ಕೊಟ್ಟಿದೆ ಎಂದುಕೊಳ್ಳಿ. ಮಳೆ ಕೈಕೊಟ್ಟ ವರ್ಷ ಗಂಡನ ಜೊತೆ ಗುಳೆ ಹೋಗಿರುತ್ತಾಳೆ. ಮೊದಲ ತಪಾಸಣೆ ತಪ್ಪಿತು. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕರೆತರುತ್ತಾರೆ. ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡು ಜಗಳೂರಿನ ಪೆಟ್ಟಿಗೆಯಲ್ಲೇ ಉಳಿಯಿತು. ಹೊನ್ನಾಳಿಗೋ ಶಿವಮೊಗ್ಗಕ್ಕೋ ಹೆರಿಗೆಗೆ ಹೋದಾಗ ಅವಳ ಹಿಂದಿನ ಚರಿತ್ರೆ ಯಾರಿಗೂ ಗೊತ್ತಿಲ್ಲ. ಚನ್ನಗಿರಿಯ ಅಡಿಕೆ ಸುಗ್ಗಿಯಲ್ಲಿ ಸುಲಿಯಲು ಬಂದು ಕೂತ ಬಸುರಿಯ ಪಾಡೂ ಇಷ್ಟೇ. ಇಲ್ಲಿ ಅವಳ ತಪ್ಪು ಒಂದೂ ಇಲ್ಲ.

ಇನ್ನು ಗಂಡ. ಅವಳೊಬ್ಬಳಿಗೇ ಸೂಜಿ ಹಾಕಿ ಅವನನ್ನು ಬಿಟ್ಟರೆ ಆ ಸೂಜಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸೋಂಕು ಮತ್ತೆ ಬಂತೆಂದೇ ಲೆಕ್ಕ. 'ನನಗೇನಾಗಿದೆ?' ಅನ್ನುವ ಗಂಡಸರಿಗೆ ನನ್ನ ಉತ್ತರ: ಏನೂ ಆಗಿಲ್ಲದವನು ರಕ್ತ ಕೊಡಲು ಹೆದರುವುದೇಕೆ? ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕಿನಲ್ಲಿ ಪರೀಕ್ಷೆಗೂ ಮದ್ದಿಗೂ ಕಾಸಿಲ್ಲ.

ಮನೆಯಲ್ಲಿ ಬಸುರಿ ಇದ್ದರೆ ಈ ರಾತ್ರಿಯೇ ತಾಯಿ ಕಾರ್ಡು ತೆಗೆದು ವಿಡಿಆರ್‌ಎಲ್ ಎಂಬ ಸಿಫಿಲಿಸ್ ಪರೀಕ್ಷೆಯ ಸಾಲು ಹುಡುಕಿ. ಖಾಲಿ ಇದ್ದರೆ ನಾಳೆಯೇ ಆಶಾ ಕಾರ್ಯಕರ್ತೆಯನ್ನು ಕೇಳಿ, ಗಂಡನನ್ನೂ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ. ತವರಿಗೆ ಕಳಿಸುವಾಗ ಕುಬಸದ ಸೀರೆಯ ಜೊತೆ ಆ ಕಾರ್ಡನ್ನೂ ಇಟ್ಟು ಕಳಿಸಿ.