ವ್ಯಾಪಾರ ಬಲ್ಲವರ ಸ್ನೇಹ

(ಸೊಲ್ಲಾಪುರದಲ್ಲಿ ಕೂಡಿದ ನಮ್ಮ ಕೂಟದ ಮಾಸಿಕ ಸಭೆಯಲ್ಲಿ, ಬೀಡಿ ಕೆಲಸದ ಸಹೋದರಿಯರ ಮುಂದೆ ಮಾಡಿದ ಭಾಷಣ)



ಹೋದ ಸಭೆಯಲ್ಲಿ ತಾವು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ನಿಂತಿದ್ದೇವೆ. ತಮ್ಮ ಪ್ರಶ್ನೆ ಹೀಗಿತ್ತು: "ಬೀಡಿ ಕಟ್ಟಿ ಕಟ್ಟಿ ಬೆನ್ನು ಹೋಯಿತು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರಬೇಕೆಂದಿದ್ದೇವೆ. ಕೆಲಸ ನಮಗೆ ಬರುತ್ತದೆ, ವ್ಯಾಪಾರ ಬರುವುದಿಲ್ಲ. ಬುದ್ಧಿ ಹೇಳುವವರು ಎಲ್ಲಿ ಸಿಗುತ್ತಾರೆ, ಅವರಿಗೆ ಎಷ್ಟು ಫೀ ಕೊಡಬೇಕು?"

ಫೀ ಎಂಬ ಮಾತು ಬಂತಲ್ಲ, ಅದಕ್ಕೇ ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. 2018ರಲ್ಲಿ ಊರಿಗೆ ಒಬ್ಬ ಮಹನೀಯರು ಬಂದಿದ್ದರು. ಹೋಟೆಲಿನ ಹಾಲ್ ಹಿಡಿದು, ಒಂದೇ ದಿನದಲ್ಲಿ ಉದ್ಯಮಿಗಳನ್ನಾಗಿ ಮಾಡುತ್ತೇವೆ, ದೊಡ್ಡ ದೊಡ್ಡ ವ್ಯಾಪಾರಸ್ಥರ ಪರಿಚಯ ಮಾಡಿಸುತ್ತೇವೆ ಎಂದು ಹೇಳಿದರು. ತಲೆಗೆ 1,500 ರೂಪಾಯಿ. ನಾವು ಸಂಘದ ಕಾರ್ಯಕರ್ತರು ಅದನ್ನು ನಂಬಿ ಹನ್ನೊಂದು ಮಂದಿ ಸಹೋದರಿಯರನ್ನು ಕಳುಹಿಸಿದೆವು. ಒಬ್ಬ ಅಕ್ಕ ಕಿವಿಯ ಬೆಂಡೋಲೆ ಒತ್ತೆ ಇಟ್ಟು ಹೋದಳು. ಊಟ ಚೆನ್ನಾಗಿತ್ತಂತೆ. ಸಂಜೆ ಒಂದು ಸರ್ಟಿಫಿಕೇಟು ಕೊಟ್ಟರು. ಮರುವಾರ ಫೋನು ಮಾಡಿದರೆ ಆ ಕಡೆ ಎತ್ತುವವರೇ ಇರಲಿಲ್ಲ. ಒಟ್ಟು 16,500 ರೂಪಾಯಿ. ಆ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಈಗ ನಮ್ಮ ಮೊದಲ ರೊಟ್ಟಿ ಗುಂಪಿನವರು. ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ನಾವು ಮಾತು ತಪ್ಪಿಸಿದರೆ ಅವರು ಎದ್ದು ಹೇಳಲಿ.

ಆ ಪೆಟ್ಟು ತಿಂದ ಮೇಲೆ ನಾವು ವಿಚಾರ ಮಾಡಿದ್ದು ಲಿಜ್ಜತ್ ಹಪ್ಪಳದವರ ಸಂಗತಿಯನ್ನು. ಆ ಹಪ್ಪಳ ತಮಗೆಲ್ಲರಿಗೂ ಗೊತ್ತು, ಅದು ಹುಟ್ಟಿದ ಬಗೆ ಗೊತ್ತಿರಲಿಕ್ಕಿಲ್ಲ. 1959ನೆಯ ಇಸವಿ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಗುಜರಾತಿ ಹೆಂಗಸರು ಒಂದು ಹಳೇ ಕಟ್ಟಡದ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಬಂಡವಾಳ 80 ರೂಪಾಯಿ, ಅದೂ ಸಾಲ. ಕೊಟ್ಟವರು ಛಗನಲಾಲ್ ಪಾರೇಖ್ ಎಂಬ ಸಮಾಜಸೇವಕರು. ಜನ ಅವರನ್ನು ಛಗನಬಾಪಾ ಎಂದು ಕರೆಯುತ್ತಿದ್ದರು. ಮೊದಲ ದಿನ ಆದದ್ದು ನಾಲ್ಕೇ ಪೊಟ್ಟಣ. ಅದನ್ನು ಭುಲೇಶ್ವರದ ಒಬ್ಬ ಪರಿಚಯದ ವ್ಯಾಪಾರಿಗೆ ಮಾರಿದರು.

ಎಂಭತ್ತು ರೂಪಾಯಿ ಇಂದಲ್ಲ ನಾಳೆ ಬೇರೆ ಕಡೆಯೂ ಹುಟ್ಟುತ್ತಿತ್ತು. ಛಗನಬಾಪಾ ಕೊಟ್ಟ ನಿಜವಾದ ಸಹಾಯ ಬೇರೆ. ಆ ಹೆಂಗಸರು ಮೊದಲು ಎರಡು ತರದ ಹಪ್ಪಳ ಮಾಡುತ್ತಿದ್ದರು, ಒಂದು ಒಳ್ಳೆಯದು, ಇನ್ನೊಂದು ಕಡಿಮೆ ಬೆಲೆಗೆ ಮಾರಲು ಸಾಧಾರಣದ್ದು. ಎರಡನೆಯದನ್ನು ಬಿಟ್ಟು ಒಂದೇ ತರದ ಒಳ್ಳೇ ಮಾಲು ಮಾಡಿ, ಲೆಕ್ಕ ಸರಿಯಾಗಿ ಬರೆಯಿರಿ, ಇದನ್ನು ಧರ್ಮದ ಕೆಲಸವೆಂದಲ್ಲ, ವ್ಯಾಪಾರವೆಂದೇ ನಡೆಸಿರಿ ಎಂದು ಅವರು ಹೇಳಿದರು. ಹೆಂಗಸರು ಹಾಗೆಯೇ ಮಾಡಿದರು. ದಾನ ಬೇಡುವುದಿಲ್ಲವೆಂದು ತೀರ್ಮಾನಿಸಿದರು. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಒಲೆ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಒಲೆ ಇಟ್ಟು ಒಣಗಿಸಿದರು. ಮೊದಲ ವರ್ಷದ ಮಾರಾಟ 6,196 ರೂಪಾಯಿ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಇದರಲ್ಲಿ ಬಾಪಾ ಅವರಿಗೆ ಫೀ ಎಲ್ಲಿ ಸಂದಿತು? ಹೇಳಿದ ಮಾತನ್ನು ಮಾಡಿ ತೋರಿಸಿದರಲ್ಲ, ಅದೇ ಫೀ. ನಮ್ಮ ಅನುಭವದಲ್ಲಿಯೂ ಬುದ್ಧಿ ಹೇಳುವವರು ಊರಲ್ಲಿ ಕಡಿಮೆಯಿಲ್ಲ. ಹೇಳಿದ್ದನ್ನು ಕೇಳಿ ಹೋದವರು ಮತ್ತೆ ಮುಖ ತೋರಿಸುವುದಿಲ್ಲ, ಅದರಿಂದ ಅವರಿಗೆ ಬೇಸರ.

ನಮ್ಮ ಓಣಿಯ ಹಿಂದೆಯೇ ಒಬ್ಬ ಕಾಕಾ ಇದ್ದಾರೆ. ಗಿರಣಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವರು. ಗಿರಣಿ ಮುಚ್ಚಿದ ಮೇಲೆ ಮನೆಯಲ್ಲಿಯೇ ಇದ್ದರು. 2019ರಲ್ಲಿ ಗುಂಪಿನ ಇಬ್ಬರು ಸಹೋದರಿಯರು ಒಂದು ಕಟ್ಟು ರೊಟ್ಟಿ, ಒಂದು ಹಾಳೆ ಹಿಡಿದುಕೊಂಡು ಅವರಲ್ಲಿಗೆ ಹೋದರು. ನಾವೂ ಜೊತೆಗಿದ್ದೆವು. "ನಮಗೆ ವ್ಯಾಪಾರ ಕಲಿಸಿರಿ" ಎಂದು ಕೇಳಲಿಲ್ಲ. ಅಂಥ ಪ್ರಶ್ನೆಗೆ ಯಾರು ಏನು ಉತ್ತರ ಕೊಡಬೇಕು? "ನೂರು ರೊಟ್ಟಿಯ ಲೆಕ್ಕ ಬರೆದಿದ್ದೇವೆ, ಇದು ಸರಿಯೋ ತಪ್ಪೋ ನೋಡಿರಿ" ಎಂದು ಕೇಳಿದೆವು. ಹಾಳೆಯಲ್ಲಿ ಹೀಗಿತ್ತು: ಹಿಟ್ಟು 190, ಉಪ್ಪು ಮತ್ತು ಚೀಲ 20, ಒಟ್ಟು ಖರ್ಚು 210. ಅಂಗಡಿಗೆ ಮೂರು ರೂಪಾಯಿಯಂತೆ ಕೊಟ್ಟರೆ 300. ಲಾಭ 90.

ಕಾಕಾ ಕನ್ನಡಕ ಏರಿಸಿ, "ಗ್ಯಾಸ್ ಪುಕ್ಕಟೆ ಬರ್ತದೇನ್ರವ್ವಾ?" ಎಂದರು. ಗ್ಯಾಸಿಗೆ 40 ಬರೆದರು. "ಮುರಿದ ರೊಟ್ಟಿ ಎಷ್ಟು?" ನೂರಕ್ಕೆ ಎಂಟು. ಅದಕ್ಕೆ 24. "ಅಂಗಡಿಗೆ ಹೆಂಗ ಒಯ್ತೀರಿ?" ರಿಕ್ಷಾಕ್ಕೆ 20. ಕಡೆಗೆ ಉಳಿದದ್ದು ಆರು ರೂಪಾಯಿ. "ಇಬ್ಬರು ಅರ್ಧ ದಿನ ಬಡೀತೀರಿ. ಒಬ್ಬೊಬ್ಬರಿಗೆ ಮೂರು ರೂಪಾಯಿ. ತಂಗಿ, ಬೀಡಿನೇ ವಾಸಿ ಆತಲ್ಲ!"

ಆ ಇಬ್ಬರು ಅಳುವುದೊಂದು ಬಾಕಿ. ಆದರೆ ಎದ್ದು ಬರಲಿಲ್ಲ. ಏನು ಮಾಡಬೇಕೆಂದು ಕೇಳಿದರು. ಮುಂದಿನ ತಿಂಗಳು ಅದೇ ಹಾಳೆಯಲ್ಲಿ ಹೊಸ ಲೆಕ್ಕ ಬರೆದುಕೊಂಡು ಮತ್ತೆ ಹೋದರು. ಚೀಲ ಬಿಟ್ಟು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ ಮುರಿಯುವುದನ್ನು ಎಂಟರಿಂದ ಎರಡಕ್ಕೆ ಇಳಿಸಿದ್ದರು. ರಿಕ್ಷಾ ಬಿಟ್ಟು ಒಬ್ಬಳ ಮಗನ ಸೈಕಲ್ಲಿನ ಮೇಲೆ ಕಳಿಸುತ್ತಿದ್ದರು. ಬೆಲೆಯನ್ನು ನಾಲ್ಕೂವರೆಗೆ ಏರಿಸಿದ್ದರು. ಅದರಿಂದ ಎರಡು ಅಂಗಡಿ ಕೈ ಬಿಟ್ಟವು, ಒಂದು ಉಳಿಯಿತು. ಅಂದಿನಿಂದ ಕಾಕಾ ಕರೆಯದಿದ್ದರೂ ತಾವೇ ಬರತೊಡಗಿದರು. ಪ್ರತಿ ತಿಂಗಳ ಎರಡನೇ ರವಿವಾರ ಒಂದು ತಾಸು. ನಮಗೆ ಆದ ಖರ್ಚು ಚಹಾದ್ದು. ಅದೂ ಸಕ್ಕರೆ ಇಲ್ಲದ್ದು, ಅವರಿಗೆ ಸಕ್ಕರೆ ಕಾಯಿಲೆ.

ಉಳಿದ ಆ ಒಂದು ಅಂಗಡಿಯ ಶೇಠಜಿಯೂ ನಮಗೆ ಗುರುವಾದರು. ಮಾಲು ಕೊಳ್ಳುವವನಿಗಿಂತ ದೊಡ್ಡ ಮಾರ್ಗದರ್ಶಿ ಯಾರಿದ್ದಾರೆ? ಗಿರಾಕಿ ಏನು ಬೈದು ಹೋಗುತ್ತಾನೆಂಬುದು ಅವನಿಗೇ ಗೊತ್ತು. "ನಿಮ್ಮ ಒಂದು ರೊಟ್ಟಿ ಹಪ್ಪಳದಂಗ, ಇನ್ನೊಂದು ಹಲಗೆಯಂಗ" ಎಂದು ಅವರು ಮುಖಕ್ಕೇ ಹೇಳಿದರು. ಏಳು ಕೈಯ ರೊಟ್ಟಿ ಒಂದೇ ತರ ಆಗುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಹಿಟ್ಟಿನ ಉಂಡೆ ತೂಗಿ ಬಡಿಯುವುದನ್ನು ಆಗ ರೂಢಿ ಮಾಡಿಕೊಂಡೆವು.

ಇಲ್ಲಿ ನಮ್ಮಿಂದ ಇನ್ನೊಂದು ತಪ್ಪಾಯಿತು. ಶೇಠಜಿ ಒಳ್ಳೆಯವರೆಂದು ನಮ್ಮ ಕಾರ್ಯಕರ್ತರು ವಾರಕ್ಕೆ ಮೂರು ಸಲ, ಅದೂ ಗಿರಾಕಿಗಳು ತುಂಬಿದ ಹೊತ್ತಿನಲ್ಲಿ ಹೋಗಿ ನಿಲ್ಲತೊಡಗಿದರು. ಪ್ರತಿ ಸಲ ಒಂದು ಹೊಸ ಬೇಡಿಕೆ: ಸಾಲಕ್ಕೆ ಜಾಮೀನು ನಿಲ್ಲಿರಿ, ಪುಣೆಯ ವ್ಯಾಪಾರಿಗೆ ಚೀಟಿ ಕೊಡಿರಿ. ಒಂದು ದಿನ ಶೇಠಜಿ ಒಳಗಿದ್ದುಕೊಂಡೇ ಇಲ್ಲವೆಂದು ಹೇಳಿ ಕಳಿಸಿದರು. ನಾವೇ ಹೋಗಿ ಕ್ಷಮೆ ಕೇಳಿ, "ಯಾವ ಹೊತ್ತಿಗೆ ಬಂದರೆ ತಮಗೆ ತೊಂದರೆಯಿಲ್ಲ?" ಎಂದು ಕೇಳಿದೆವು. ಮಧ್ಯಾಹ್ನ ಮೂರಕ್ಕೆ, ತಿಂಗಳಿಗೊಮ್ಮೆ ಎಂದರು. ಮೊದಲೇ ಕೇಳಬಹುದಿತ್ತು.

ಸರಕಾರದ ಬಾಗಿಲನ್ನೂ ತಟ್ಟಿರಿ. ಜಿಲ್ಲಾ ಕೈಗಾರಿಕಾ ಕೇಂದ್ರಗಳು 1978ರಿಂದ ಇವೆ, ಅಲ್ಲಿ ಸಲಹೆ ಕೇಳಲು ಹಣ ಬೇಡ. 2020ರ ಜುಲೈಯಿಂದ ಬಂದ ಉದ್ಯಮ್ ನೋಂದಣಿಗೂ ಸರಕಾರದ ಫೀ ಇಲ್ಲ. ಅದಕ್ಕೆ ಸಾವಿರ ಕೊಡಿ ಎನ್ನುವವನು ತನ್ನ ಜೇಬಿಗೆ ಕೇಳುತ್ತಿದ್ದಾನೆ. ನೋಂದಣಿ ಇದ್ದರೆ 2006ರ ಕಾನೂನಿನ ಪ್ರಕಾರ ನಮ್ಮ ಮಾಲು ಕೊಂಡವರು 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬಡ್ಡಿ ಕೇಳುವ ಹಕ್ಕು ನಮಗಿದೆ. ಶೇಠಜಿಯ ಮೇಲೆ ಇದನ್ನು ಪ್ರಯೋಗಿಸಲು ಹೋಗಬೇಡಿ, ಅವರು ಎಂದೂ ಎಂಟು ದಿನ ಮೀರಿಸಿದವರಲ್ಲ.

ಇನ್ನು ಪಾಲುದಾರಿಕೆ. ಇದು ಬೇರೆಯೇ ಸಂಗತಿ. ಮಾರ್ಗದರ್ಶಿ ತಪ್ಪು ಹೇಳಿದರೆ ನೀವು ಬಿಡಬಹುದು. ಪಾಲುದಾರ ತಪ್ಪು ಮಾಡಿದರೆ ಸಾಲಗಾರ ನಿಮ್ಮ ಮನೆಗೆ ಬರುತ್ತಾನೆ. 1932ರ ಪಾಲುದಾರಿಕೆ ಕಾಯಿದೆಯಲ್ಲಿ ಪಾಲುದಾರರಲ್ಲಿ ಪ್ರತಿಯೊಬ್ಬರೂ ವ್ಯಾಪಾರದ ಪೂರಾ ಸಾಲಕ್ಕೆ ಹೊಣೆ, ತಮ್ಮ ಪಾಲಿನಷ್ಟಕ್ಕೆ ಮಾತ್ರವಲ್ಲ. ನೋಂದಣಿ ಮಾಡಿಸದಿದ್ದರೆ, ಹೊರಗಿನವರು ಒಪ್ಪಂದದ ಹಣ ಕೊಡದೆ ಹೋದಾಗ ಆ ಪಾಲುದಾರಿಕೆಯ ಹೆಸರಿನಲ್ಲಿ ಕೋರ್ಟಿಗೆ ಹೋಗಲೂ ಆಗುವುದಿಲ್ಲ. ಇದನ್ನು ತಿಳಿಯದೆ, ಸ್ನೇಹವಿದೆ, ಒಂದೇ ಜಾತಿ, ಒಂದೇ ದೇವಾಲಯ ಎಂದು ಕೈ ಕೂಡಿಸಿದವರನ್ನು ನಾವು ಬಹಳ ನೋಡಿದ್ದೇವೆ.

ಅಕ್ಕಲಕೋಟೆಯಲ್ಲಿ ಯಾತ್ರಿಕರಿಗೆ ತಿನಿಸು ಮಾರುವ ಒಬ್ಬ ಬಾಯಿ ನಮ್ಮ ಗುಂಪಿನೊಡನೆ ಸೇರಬೇಕೆಂದು ಬಂದರು. ಅದೇ ವಾರ ಇಲ್ಲಿಯವರೇ ಒಬ್ಬರು ದೊಡ್ಡ ಮಾತಾಡುತ್ತ ಬಂದರು, ಅರ್ಧ ಬಂಡವಾಳ ತಾವೇ ಹಾಕುವುದಾಗಿ ಹೇಳಿದರು. ಕಾಕಾನನ್ನು ಕೇಳಿದೆವು. "ಇಬ್ಬರಿಗೂ ಸಂಕ್ರಾಂತಿ ಒಂದನ್ನ ಕೊಡ್ರಿ" ಎಂದರು. ತಮಗೆ ಗೊತ್ತು, ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಎಷ್ಟು ಗಿರಾಕಿ. ಒಂದೇ ಹಬ್ಬದ ಮಾಲು, ಒಂದು ಹಾಳೆಯಲ್ಲಿ ಬರಹ: ಹಿಟ್ಟು ಯಾರದು, ಮುರಿದದ್ದು ಯಾರ ತಲೆಗೆ, ಉಳಿದ ಮಾಲು ಎಷ್ಟು ದಿನದಲ್ಲಿ ಮರಳಿಸಬೇಕು, ಹಣ ಯಾವತ್ತು. ದೊಡ್ಡ ಮಾತಿನವರು, "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಸಿಟ್ಟಾಗಿ ಹೋದರು. ಅವರ ಬಂಡವಾಳ ಕಂಡು ಗುಂಪಿನ ಕೆಲವರಿಗೆ ಆಸೆ ಆಗಿತ್ತು, ಆ ಕಾರಣಕ್ಕೆ ನಮ್ಮ ಮೇಲೆ ಅಸಮಾಧಾನವೂ ಆಯಿತು. ಬಾಯಿಗೆ ಓದು ಬರಹವಿಲ್ಲ, ಮಗಳಿಂದ ಓದಿಸಿಕೊಂಡು ಹೆಬ್ಬೆಟ್ಟು ಒತ್ತಿದರು. ಹಬ್ಬ ಮುಗಿದ ಮೂರನೇ ದಿನ ಎಸ್‌ಟಿ ಬಸ್ಸಿನಲ್ಲಿ ಬಂದು, ಮಾರದೆ ಉಳಿದ ಮೂವತ್ತೊಂದು ರೊಟ್ಟಿಯನ್ನೂ ಎಣಿಸಿಕೊಟ್ಟು, ಹಣ ಮುಂದಿಟ್ಟರು. ಇವತ್ತಿಗೂ ಅವರೊಡನೆ ಪಾಲುದಾರಿಕೆ ಪತ್ರ ಮಾಡಿಕೊಂಡಿಲ್ಲ. ಹಬ್ಬದಿಂದ ಹಬ್ಬಕ್ಕೆ ಒಂದೊಂದು ಹಾಳೆ. ಅವರಿಗೂ ಅದೇ ಅನುಕೂಲವಂತೆ.

ಹೊಸದಾಗಿ ಸೇರಿದ ಸಹೋದರಿಯರು ಮುಂದಿನ ಎರಡನೇ ರವಿವಾರ ನೂರು ರೊಟ್ಟಿಯ ಲೆಕ್ಕ ತಾವೇ ಬರೆದು ತರಬೇಕು. ತಪ್ಪಿದ್ದರೂ ಚಿಂತೆಯಿಲ್ಲ. ಕಾಕಾ ಈಗ ಬಹಳ ನಡೆಯಲಾರರು, ಆದ್ದರಿಂದ ನಾವೇ ಅವರ ಮನೆಗೆ ಹೋಗೋಣ, ಐದಕ್ಕಿಂತ ಹೆಚ್ಚು ಮಂದಿ ಬೇಡ.

ಕಡೆಗೆ ಆ 16,500 ರೂಪಾಯಿ. ಕಳುಹಿಸಿದವರು ನಾವಾದ್ದರಿಂದ ಅದು ನಮ್ಮ ಸಾಲ. ಕಾರ್ಯಕರ್ತರು ಕೂಡಿಸಿ ಇಲ್ಲಿಯ ತನಕ 12,000 ತಿರುಗಿಸಿದ್ದೇವೆ. ಬೆಂಡೋಲೆಯನ್ನು ಮೊದಲು ಬಿಡಿಸಿಕೊಟ್ಟೆವು. ಮೂವರಿಗೆ 4,500 ಕೊಡುವುದು ಬಾಕಿ ಇದೆ, ದೀಪಾವಳಿಯೊಳಗೆ ಕೊಡುತ್ತೇವೆ. ಕಾರ್ಯದರ್ಶಿಗಳು ಇದನ್ನು ಸಭೆಯ ಪುಸ್ತಕದಲ್ಲಿ ಬರೆದುಕೊಳ್ಳಬೇಕು.