ಕರಿಮೆಣಸಿನ ಕಾಗದ
(ಸೀತೂರಿನ ಸಭೆಯಲ್ಲಿ ಮಾಡಿದ ಭಾಷಣ)



ಸೀತೂರಿನ ಜನಕ್ಕೆ ಕರಿಮೆಣಸಿನ ವಿಚಾರ ಹೇಳಲು ನಾನು ಯಾರು? ಬಳ್ಳಿ ಹಬ್ಬಿಸುವುದು, ಕೊಯ್ಯುವುದು, ಒಣಗಿಸುವುದು ಎಲ್ಲ ನಿಮಗೇ ಗೊತ್ತು. ಆದರೆ ನಾನು ಇಂದು ಹೇಳುವ ಮೆಣಸು ತೋಟದ್ದಲ್ಲ. ಸಿಪಾಯಿಯೊಬ್ಬ ಊರಿಗೆ ಬರೆದ ಕಾಗದದ ಮೆಣಸು.

1914ರಲ್ಲಿ ಯೂರೋಪಿನ ದೊರೆಗಳು ತಮ್ಮತಮ್ಮಲ್ಲೇ ಯುದ್ಧ ಹೂಡಿದರು. ಲೋಕವನ್ನು ಯಾರು ಎಷ್ಟು ಹಂಚಿಕೊಳ್ಳಬೇಕೆಂಬ ಜಗಳ ಅದು. ಅದಕ್ಕೆ ನಮ್ಮ ದೇಶದಿಂದ ಸುಮಾರು 13 ಲಕ್ಷ ಜನರನ್ನು ಹಡಗು ಹತ್ತಿಸಿ ಹೊರನಾಡಿಗೆ ಸಾಗಿಸಿದರು. ಅವರಲ್ಲಿ 70,000ಕ್ಕೂ ಹೆಚ್ಚು ಜನ ಸತ್ತರು. ಯುದ್ಧ ಶುರುವಾದಾಗ ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಹನ್ನೊಂದು ರೂಪಾಯಿಗೆ ಪ್ರಾಣವನ್ನೇ ಅಡವಿಟ್ಟಂತಾಯಿತು.

ಅವರಲ್ಲಿ ಹೆಚ್ಚಿನವರಿಗೆ ಓದುಬರಹ ಬಾರದು. ಅಕ್ಷರ ಬಲ್ಲ ಜೊತೆಗಾರನನ್ನು ಹಿಡಿದು ಕಾಗದ ಬರೆಸುತ್ತಿದ್ದರು. ಊರಿನಲ್ಲೂ ಅದೇ ಪಾಡು, ಮತ್ತೊಬ್ಬರು ಓದಿ ಹೇಳಬೇಕು. ಈ ಇಬ್ಬರ ನಡುವೆ ಸರ್ಕಾರ ಮೂರನೆಯವನನ್ನು ಕೂರಿಸಿತು. ಫ್ರಾನ್ಸಿನ ಬುಲೋನ್ ಎಂಬ ರೇವುಪಟ್ಟಣದಲ್ಲಿ ಹಿಂದುಸ್ತಾನದ ಟಪಾಲನ್ನು ಒಡೆದು ನೋಡಲು ಒಂದು ಕಚೇರಿ ನಡೆಯಿತು. ಹೋವೆಲ್ ಎಂಬ ಅಧಿಕಾರಿ ಅದರ ಮುಖ್ಯಸ್ಥ. ಕಾಗದಗಳನ್ನು ಓದುವುದು, ಬೇಕಾದ ಭಾಗವನ್ನು ಇಂಗ್ಲಿಷಿಗೆ ತಿರುಗಿಸುವುದು, ಸಿಪಾಯಿಗಳ ಮನಸ್ಸು ಯಾವ ಕಡೆ ವಾಲಿದೆಯೆಂದು ಮೇಲಿನವರಿಗೆ ವರದಿ ಒಪ್ಪಿಸುವುದು ಅದರ ಕೆಲಸ. ಬಹುಪಾಲು ಕಾಗದಗಳನ್ನು ಮುಂದಕ್ಕೆ ಬಿಡುತ್ತಿದ್ದರು. ಕೆಲವನ್ನು ತಡೆಯುತ್ತಿದ್ದರು.

ಸಿಪಾಯಿ ಅಕ್ಷರ ಕಲಿಯದಿದ್ದರೂ ದಡ್ಡನಾಗಿರಲಿಲ್ಲ. ನಮ್ಮ ಬಟ್ಟೆ ಅಂಗಡಿಯವರು ತಾನಿನ ಮೇಲೆ ಅಸಲು ಬೆಲೆಯನ್ನು ಗುಟ್ಟಿನ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವುದಿಲ್ಲವೆ? ಅದೇ ಉಪಾಯ. ಹಿಂದುಸ್ತಾನದಿಂದ ಬಂದ ಕರಿಮೆಣಸೆಲ್ಲ ಮುಗಿಯಿತು, ಇನ್ನಷ್ಟು ತರಿಸುತ್ತಾರೆ ಎಂಬ ಅರ್ಥದಲ್ಲಿ ಒಬ್ಬ ಬರೆಸಿದ. ಕರಿಮೆಣಸು ಎಂದರೆ ನಮ್ಮವರು, ಕೆಂಪು ಮೆಣಸು ಎಂದರೆ ಬಿಳಿಯ ಸೈನಿಕರು. ಊರಿನವರಿಗೆ ಇದ್ದ ಬುದ್ಧಿವಾದ ಇಷ್ಟೆ: ತಮ್ಮಂದಿರನ್ನು ಸೈನ್ಯಕ್ಕೆ ಸೇರಿಸಬೇಡಿ.

ಇನ್ನೊಂದು ದೂರು ಆ ಕಾಗದಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗಾಯ ಮಾಯ್ದವನನ್ನು ಮನೆಗೆ ಕಳಿಸದೆ ಪುನಃ ಗುಂಡಿನ ಬಾಯಿಗೇ ನೂಕುತ್ತಾರೆಂಬುದು. ಮಿಲ್ಲಿನ ಸಂಗಾತಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಯ ಪಟ್ಟಿ ಬಿಚ್ಚಿದ ಮರುದಿನವೇ ಅದೇ ಯಂತ್ರದ ಮುಂದೆ ನಿಂತವರು ನಿಮ್ಮಲ್ಲೂ ಇದ್ದೀರಿ.

ಕನ್ನಡಿಗರು ಈ ಯುದ್ಧಕ್ಕೆ ಹೋಗಿರಲಿಲ್ಲವೆ ಎಂದು ಕೇಳಬಹುದು. ಹೋಗಿದ್ದರು. ಮೈಸೂರಿನ ಮಹಾರಾಜರು 1914ರಲ್ಲಿ ಯುದ್ಧದ ಖರ್ಚಿಗೆಂದು 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳವನ್ನೂ ಕಳಿಸಿದರು. ಅವರು ಫ್ರಾನ್ಸಿಗಲ್ಲ, ಈಜಿಪ್ಟಿಗೆ ಹೋದರು. ಸೂಯೆಜ್ ಕಾಲುವೆ ಕಾದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದ ಜೊತೆಗೂಡಿ, ಭರ್ಜಿ ಹಿಡಿದು, ಹೈಫಾ ಪಟ್ಟಣವನ್ನು ಗೆದ್ದರು. ಎದುರಿಗಿದ್ದದ್ದು ಮಷೀನ್‌ಗನ್ನು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನಲ್ಲೂ ಅವರ ಸ್ಮಾರಕವಿದೆ. ಅವರ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಗೆದ್ದ ಊರು ಯಾರ ಪಾಲಾಯಿತು? ಬ್ರಿಟಿಷರ ಪಾಲಾಯಿತು. ಗೆದ್ದವನು ಊರಿಗೆ ಮರಳಿದಾಗ ಮೊದಲಿನಂತೆಯೇ ಪರಾಧೀನ ಪ್ರಜೆ. ಕಲ್ಲಿನ ಕಂಬ ಗೆಲುವನ್ನು ಹೇಳೀತು. ರಾತ್ರಿ ನಿದ್ದೆ ಬಾರದವನ ಮಾತನ್ನು ಹೇಳಲಾರದು. ಅದನ್ನು ಹೇಳಬಲ್ಲದ್ದು ಕಾಗದ.

ಬುಲೋನಿನಲ್ಲಿ ಒಡೆದ ಆ ಕಾಗದಗಳ ಇಂಗ್ಲಿಷ್ ಭಾಗಗಳು ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ವಿಚಿತ್ರ ನೋಡಿ. ಮಗ ತಾಯಿಗೆ ಬರೆಸಿದ್ದು ಇಂದು ಉಳಿದಿರುವುದು ಬಹುಮಟ್ಟಿಗೆ ಕಾವಲುಗಾರನ ನಕಲಿನಲ್ಲಿ, ಕಾವಲುಗಾರನ ಭಾಷೆಯಲ್ಲಿ. ಬಡವನು ತನ್ನ ಮಾತನ್ನು ತಾನೇ ಕಾಪಾಡಿಕೊಳ್ಳದಿದ್ದರೆ, ಆಳುವವನು ತನಗೆ ಬೇಕಾದಷ್ಟನ್ನು ಮಾತ್ರ ಎತ್ತಿಡುತ್ತಾನೆ.

ಒಂದು ಸ್ವಂತ ತಪ್ಪನ್ನೂ ಹೇಳಿಬಿಡುತ್ತೇನೆ. ನಾನು ಮೇಷ್ಟರಾಗಿದ್ದಾಗ ಒಬ್ಬ ಅಜ್ಜಿ ಟ್ರಂಕಿನಿಂದ ಹಳೆಯ ಕಾಗದವೊಂದನ್ನು ತಂದು ಓದಿಸಿದರು. ಸೈನ್ಯದಲ್ಲಿದ್ದ ತಮ್ಮನದು. ತಮ್ಮ ತೀರಿಹೋಗಿ ಬಹಳ ವರ್ಷವಾಗಿತ್ತು. ಕಾಗದದ ಮಧ್ಯದಲ್ಲಿ, ತಾನು ಇನ್ನು ಮನೆ ನೋಡುವುದು ಅನುಮಾನ ಎಂದಿತ್ತು. ಅಜ್ಜಿ ಅಳುವರೆಂದು ನಾನು ಆ ಸಾಲನ್ನು ಹಾರಿಸಿ ಓದಿದೆ. ಅವರು ತಲೆಯೆತ್ತಿ, "ಮೇಷ್ಟ್ರೇ, ಒಂದು ಸಾಲು ಬಿಟ್ರಲ್ಲ" ಎಂದರು. ಅಕ್ಷರ ಬಾರದವರಿಗೆ ಕಾಗದವೆಲ್ಲ ಬಾಯಿಪಾಠವಾಗಿತ್ತು! ಬುಲೋನಿನ ಅಧಿಕಾರಿ ಅಧಿಕಾರದಿಂದ ಮಾಡಿದ್ದನ್ನು ನಾನು ಕರುಣೆಯ ಹೆಸರಿನಲ್ಲಿ ಮಾಡಿದ್ದೆ. ನಾಚಿಕೆಯಾಯಿತು. ಬಿಟ್ಟ ಸಾಲನ್ನು ಓದಿದೆ. ಅವರು ಅಳಲಿಲ್ಲ. ಮಡಿಸಿ ಸೆರಗಿಗೆ ಕಟ್ಟಿಕೊಂಡು ಹೋದರು.

ಆದಕಾರಣ ನನ್ನ ಬೇಡಿಕೆ ದೊಡ್ಡದಲ್ಲ. ಸೈನ್ಯಕ್ಕೆ ಹೋದವರದಾಗಲಿ, ಘಟ್ಟದ ಕೆಳಗೋ ಬೊಂಬಾಯಿಗೋ ಹೊಟ್ಟೆಪಾಡಿಗೆ ಹೋದವರದಾಗಲಿ, ಮನೆಯಲ್ಲಿರುವ ಹಳೆಯ ಕಾಗದಗಳನ್ನು ಗೆದ್ದಲಿಗೂ ಮಳೆಗಾಲದ ಶೀತಕ್ಕೂ ಬಿಡಬೇಡಿ, ಒಲೆಗೆ ಹಾಕಬೇಡಿ. ಶಾಲೆಗೆ ಹೋಗುವ ಮಕ್ಕಳನ್ನು ಕೂರಿಸಿ ನೋಟ್‌ಬುಕ್ಕಿಗೆ ನಕಲು ಮಾಡಿಸಿ. ಬರೆದವರ ಹೆಸರು, ಊರು, ತಾರೀಖು ಇರಲಿ. ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ ಇರಲಿ.

ಒಂದು ಸಾಲನ್ನೂ ಬಿಡಬೇಡಿ.