ಚೆಂಡೆಗೂ ಒಂದು ಕೋಣೆ ಬೇಕು

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ–ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಪಠ್ಯಪುಸ್ತಕ, ಪರೀಕ್ಷೆ, ಮಧ್ಯಾಹ್ನದ ಊಟ ಇವುಗಳ ಬಗ್ಗೆ ಆಗಲೇ ಮಾತಾಗಿದೆ. ನನಗೆ ವಹಿಸಿದ ವಿಷಯ ಸಣ್ಣದು. ನಮ್ಮ ಮಕ್ಕಳ ಯಕ್ಷಗಾನ ಹಿಮ್ಮೇಳದ ಅಭ್ಯಾಸಕ್ಕೆ ಜಾಗ ಎಲ್ಲಿ, ಇರುವ ಜಾಗವನ್ನು ಇತರರೊಂದಿಗೆ ಹಂಚಿಕೊಳ್ಳುವುದು ಹೇಗೆ ಎಂಬುದು. ಸಣ್ಣದೆಂದು ಕಂಡರೂ ಕಳೆದ ಎರಡು ವರ್ಷಗಳಲ್ಲಿ ನನ್ನನ್ನು ಅತಿ ಹೆಚ್ಚು ಅಲೆದಾಡಿಸಿದ ವಿಷಯ ಇದೇ. ಕೊನೆಗೆ ನಿಮ್ಮಲ್ಲಿ ಒಂದು ವಿನಂತಿಯೂ ಇದೆ. ಆದ್ದರಿಂದ ಹತ್ತು ನಿಮಿಷ ತಾಳ್ಮೆಯಿಂದ ಕೇಳಬೇಕು.

ಮೊದಲು ನಮ್ಮ ಅಲೆದಾಟದ ಕತೆ. ಆರಂಭಿಸಿದ್ದು ಶಾಲೆಯ ಜಗಲಿಯಲ್ಲಿ. ಸಂಜೆ ಬೆಲ್ ಆದ ಮೇಲೆ ಹನ್ನೊಂದು ಮಕ್ಕಳು, ಒಂದು ಚೆಂಡೆ, ಒಂದು ಮದ್ದಳೆ, ಒಂದು ಜೊತೆ ಚಕ್ರತಾಳ. ಜೂನಿನ ಗಾಳಿಮಳೆಗೆ ಜಗಲಿಯೆಲ್ಲ ಒದ್ದೆಯಾಯಿತು. ರಕ್ಷಕರೊಬ್ಬರು ತಮ್ಮ ಮನೆಯ ಟೆರೇಸು ಬಿಟ್ಟುಕೊಟ್ಟರು. ಮೇಲೆ ತಗಡಿನ ಮಾಡು, ಸುತ್ತ ಒತ್ತೊತ್ತಾಗಿ ಮನೆಗಳು. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರು. ಮೂರನೆಯ ವಾರ ಅವರ ಮಗ ಬಂದು, ‘ಮಾಷ್ಟ್ರೇ, ಮಕ್ಕಳು ಕಲಿಯುವುದು ಬೇಡ ಅಂತ ನಾನು ಹೇಳುವುದಿಲ್ಲ. ಅಮ್ಮನಿಗೆ ನಿದ್ರೆಯೇ ಇಲ್ಲ’ ಎಂದರು. ಅವರ ಮಾತಿನಲ್ಲಿ ತಪ್ಪೇನಿತ್ತು? ಅಂದೇ ಚೆಂಡೆ ಕಟ್ಟಿ ಇಳಿದೆವು. ಆಮೇಲೆ ಪೇಟೆಯಲ್ಲಿ ಅಂಗಡಿಯ ಮಾಳಿಗೆಯ ಕೋಣೆ. ಎರಡು ತಿಂಗಳಲ್ಲಿ ಅದಕ್ಕೆ ಬಾಡಿಗೆಯವರು ಸಿಕ್ಕಿದರು. ಅಲ್ಲಿಂದಲೂ ಹೊರಟೆವು.

ಬಳಿಕ ಒಂದು ಭಜನಾ ಮಂದಿರದವರು ಸಂತೋಷದಿಂದ ಬಾಗಿಲು ತೆರೆದರು. ಆ ಉಪಕಾರವನ್ನು ನಾನು ಮರೆಯುವವನಲ್ಲ. ಆದರೆ ಅಲ್ಲಿಗೆ ಹೋದ ಮೇಲೆ ನಮ್ಮ ಇಬ್ಬರು ಮಕ್ಕಳು ಬರುವುದನ್ನು ನಿಲ್ಲಿಸಿದರು. ಒಬ್ಬಳು ಮುಸ್ಲಿಂ ಕುಟುಂಬದ ಹುಡುಗಿ, ಇನ್ನೊಬ್ಬ ಕ್ರೈಸ್ತರ ಮನೆಯ ಹುಡುಗ. ಮಂದಿರದವರು ಬರಬೇಡಿ ಎಂದಿರಲಿಲ್ಲ, ಮನೆಯವರೂ ಹೋಗಬೇಡ ಎಂದಿರಲಿಲ್ಲ. ಮಕ್ಕಳೇ ಹಿಂಜರಿದರು. ಚಕ್ರತಾಳದಲ್ಲಿ ಆ ಹುಡುಗಿಯಷ್ಟು ನಿಖರವಾಗಿ ಲಯ ಹಿಡಿಯುವವರು ತಂಡದಲ್ಲಿ ಬೇರೆ ಯಾರೂ ಇರಲಿಲ್ಲ. ಎಲ್ಲ ಮಕ್ಕಳೂ ಸಂಕೋಚವಿಲ್ಲದೆ ಹೊಸ್ತಿಲು ದಾಟುವ ಜಾಗ ನಮ್ಮೂರಲ್ಲಿ ಯಾವುದು ಎಂದು ಅಂದು ಯೋಚಿಸಿದೆ. ನನಗೆ ಹೊಳೆದದ್ದು ಎರಡೇ: ಶಾಲೆ, ಗ್ರಂಥಾಲಯ.

‘ಇಷ್ಟೆಲ್ಲ ಯಾಕೆ ಮಾಷ್ಟ್ರೇ? ಮೊಬೈಲಿನಲ್ಲಿ ನೋಡಿ ಮನೆಯಲ್ಲೇ ಕಲಿಯಬಾರದೇ?’ ಎಂದು ಕೆಲವರು ಕೇಳಿದ್ದಾರೆ. ಸ್ವಲ್ಪ ಕಲಿಯಬಹುದು, ಎಲ್ಲವನ್ನೂ ಅಲ್ಲ. ಹಿಮ್ಮೇಳವೆಂದರೆ ಒಬ್ಬರ ವಿದ್ಯೆಯಲ್ಲ. ಭಾಗವತರು ಪದ್ಯ ಎತ್ತುವಾಗ ಮದ್ದಳೆಯವರು ಅವರ ಉಸಿರನ್ನೇ ಗಮನಿಸುತ್ತಿರಬೇಕು. ಪದ್ಯ ಮುಗಿಯುವ ಕಡೆ ಚೆಂಡೆ ಯಾವಾಗ ಸೇರಬೇಕೆಂಬುದು ಕಣ್ಣಿನ ಸನ್ನೆಯಲ್ಲಿ ತಿಳಿಯಬೇಕು. ಮದ್ದಳೆಯ ಶ್ರುತಿ ಭಾಗವತರ ಶ್ರುತಿಗೆ ಕೂಡಬೇಕು. ಎದುರಿಗೆ ಕುಣಿಯುವ ಮಗುವಿನ ಹೆಜ್ಜೆಗೂ ಪೆಟ್ಟಿಗೂ ತಾಳೆಯಾಗಬೇಕು. ಇದು ಒಂದೇ ಕೋಣೆಯಲ್ಲಿ ಒಟ್ಟಿಗೆ ಕುಳಿತು, ತಪ್ಪಿ, ಮತ್ತೆ ಬಾರಿಸಿ ಬರುವಂಥದ್ದು. ಜೊತೆಗೆ, ಪದ್ಯದ ಒಂದೊಂದು ಮಾತನ್ನೂ ಸ್ಪಷ್ಟವಾಗಿ ಉಚ್ಚರಿಸದೆ ತಾಳ ಕೂಡುವುದಿಲ್ಲ. ತರಗತಿಯಲ್ಲಿ ಓದಲು ನಾಚುವ ಮಗು ಇಲ್ಲಿ ಹಳೆಯ ಕನ್ನಡ ಪದವನ್ನು ಬಾಯಿತುಂಬ ಹೇಳುವುದನ್ನು ಕಂಡಿದ್ದೇನೆ. ಕನ್ನಡ ಪಾಠ ಮಾಡುವವನಾಗಿ ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಕಾಣುವುದಿಲ್ಲ.

ಹಿಂದೆ ನಮ್ಮ ಹಿರಿಯರಿಗೆ ಈ ಜಾಗದ ಚಿಂತೆ ಇರಲಿಲ್ಲ. ಪಾರ್ತಿಸುಬ್ಬನ ಹೆಸರಿನೊಂದಿಗೆ ಬೆಸೆದ ಸೀಮೆ ನಮ್ಮ ಕುಂಬಳೆ. 2006ರಲ್ಲಿ ನಮ್ಮನ್ನಗಲಿದ ಶೇಣಿ ಗೋಪಾಲಕೃಷ್ಣ ಭಟ್ಟರು ಈ ಮಣ್ಣಿನವರು. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ನಮ್ಮ ಪಡ್ರೆಯಲ್ಲಿ ಹುಟ್ಟಿದವರು. ಅವರ ಅಜ್ಜನೂ ಅದೇ ಹೆಸರಿನ ಭಾಗವತರು. ಆ ಕಾಲದ ಮನೆಗಳಿಗೆ ಚಾವಡಿ ಇತ್ತು, ಸುತ್ತ ಅಡಕೆ ತೋಟವಿತ್ತು. ಚೆಂಡೆಯ ಸದ್ದು ತೋಟ ದಾಟಿ ಪಕ್ಕದ ಮನೆಗೆ ತಲಪುವಾಗ ಇಂಪಾಗಿಯೇ ಇರುತ್ತಿತ್ತು. ಇಂದು ನಮ್ಮಲ್ಲಿ ಹೆಚ್ಚಿನವರದು ಐದು ಸೆಂಟು, ಹತ್ತು ಸೆಂಟು ಜಾಗದ ಮನೆ. ಗೋಡೆಗೆ ಗೋಡೆ ತಾಗುವಂತಿದೆ. ಕಲೆಯ ಮೇಲೆ ಜನರ ಪ್ರೀತಿ ಕಡಿಮೆಯಾಯಿತೆಂದು ನಾನು ನಂಬುವುದಿಲ್ಲ, ಚಾವಡಿ ಇಲ್ಲವಾಯಿತು ಅಷ್ಟೆ.

ಇನ್ನೊಂದು ತೊಡಕು ಮಳೆಗಾಲ. ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ ಮುಗಿಯುತ್ತದೆ. ಆಮೇಲೆ ಕಲಾವಿದರಿಗೆ ಬಿಡುವು. ಮಕ್ಕಳಿಗೆ ಕಲಿಸಲು ಗುರುಗಳು ಸಿಗುವುದು ಆಗಲೇ. ಜೂನಿಗೆ ಶಾಲೆಯೂ ತೆರೆಯುತ್ತದೆ. ಕಲೋತ್ಸವದ ಸ್ಪರ್ಧೆಗೆ ತಯಾರಿ ನಡೆಯಬೇಕಾದದ್ದೂ ಈ ತಿಂಗಳುಗಳಲ್ಲೇ. 1957ರಲ್ಲಿ ಆರಂಭವಾದ ಕೇರಳ ಶಾಲಾ ಕಲೋತ್ಸವದಲ್ಲಿ ಇಂದು ಯಕ್ಷಗಾನಕ್ಕೂ ಸ್ಥಾನವಿದೆ ಎಂಬುದು ನಿಮಗೆ ಗೊತ್ತು. ಆದರೆ ಕಲಿಯಲು ಒಳ್ಳೆಯ ಈ ಕಾಲ ಚರ್ಮವಾದ್ಯಕ್ಕೆ ಕೆಟ್ಟ ಕಾಲ. ತೇವಕ್ಕೆ ಚರ್ಮ ಸಡಿಲವಾಗುತ್ತದೆ, ಮದ್ದಳೆಯ ಶ್ರುತಿ ಇಳಿಯುತ್ತದೆ. ಒಣಗಿದ ಜಾಗವೂ ನೆಲದಿಂದ ಎತ್ತರದಲ್ಲೊಂದು ಕಪಾಟೂ ಇಲ್ಲದೆ ವಾದ್ಯ ಉಳಿಯುವುದಿಲ್ಲ.

ಈಗ ಹಂಚಿಕೊಳ್ಳುವ ವಿಚಾರಕ್ಕೆ ಬರುತ್ತೇನೆ. ಕಳೆದ ವರ್ಷ ಗ್ರಂಥಾಲಯದ ಸಭಾಂಗಣ ಸಿಕ್ಕಿತು. ಬರುವುದನ್ನು ನಿಲ್ಲಿಸಿದ್ದ ಇಬ್ಬರು ಮಕ್ಕಳೂ ಮರಳಿ ಬಂದರು. ಆದರೆ ಅಲ್ಲಿ ಮೊದಲೇ ಒಂದು ಗಾನಮೇಳದ ಯುವಕರ ತಂಡ ಅಭ್ಯಾಸ ಮಾಡುತ್ತಿತ್ತು. ಅವರದು ಕೀಬೋರ್ಡು, ಗಿಟಾರು, ಡ್ರಮ್ಮು, ಸಿನಿಮಾ ಹಾಡು. ಒಂದು ಸಂಜೆ ಎರಡೂ ತಂಡಗಳು ಬಾಗಿಲಲ್ಲಿ ಎದುರುಬದುರಾದವು. ಮುಂದಿನ ವಾರ ನೋಡಿದರೆ ನಮ್ಮ ಚೆಂಡೆ ಹಸಿ ನೆಲದ ಮೇಲೆ ಮೂಲೆಯಲ್ಲಿದೆ, ಚರ್ಮ ಜೋತುಬಿದ್ದಿದೆ. ಡ್ರಮ್ಮಿಗೆ ಜಾಗ ಮಾಡಲು ಅವರು ಸರಿಸಿದ್ದೆಂದು ನಾನು ಸಿಟ್ಟಿನಲ್ಲಿ ನಾಲ್ಕು ಮಾತು ಆಡಿಬಿಟ್ಟೆ. ವಿಚಾರಿಸಿದಾಗ ತಿಳಿಯಿತು, ನೆಲದ ಮೇಲೆ ಇಟ್ಟು ಹೋದದ್ದು ನಮ್ಮ ಮಕ್ಕಳೇ, ಬೀಗ ಹಾಕಿದ್ದು ನಾನೇ. ಮರುದಿನ ಹೋಗಿ ಆ ಹುಡುಗರ ಕ್ಷಮೆ ಕೇಳಿದೆ. ಅವರಲ್ಲಿ ಮೂವರು ನಮ್ಮ ಶಾಲೆಯಲ್ಲೇ ಕಲಿತವರು.

ಅಂದು ಒಟ್ಟಿಗೆ ಕುಳಿತು ಒಂದು ಕಾಗದ ಬರೆದೆವು. ಸೋಮವಾರ, ಗುರುವಾರ ನಾಲ್ಕೂಕಾಲರಿಂದ ಆರರವರೆಗೆ ನಾವು. ಏಳರಿಂದ ಒಂಬತ್ತರವರೆಗೆ ಅವರು. ಕಪಾಟಿನ ಮೇಲಿನ ಎರಡು ಖಾನೆ ನಮಗೆ, ಕೆಳಗಿನದು ಅವರಿಗೆ. ವಿದ್ಯುತ್ತು ಹೆಚ್ಚು ಬಳಸುವವರು ಅವರಾದ್ದರಿಂದ ಬಿಲ್ಲಿನ ದೊಡ್ಡ ಪಾಲು ಅವರದು, ಗುಡಿಸುವ ಕೆಲಸ ನಮ್ಮದು. ಬೀಗದ ಕೈ ಎರಡು, ಪ್ರತಿಯೊಂದಕ್ಕೂ ಹೆಸರಿಟ್ಟು ಒಬ್ಬರು ಜವಾಬ್ದಾರರು. ಆ ಕಾಗದವನ್ನು ಬಾಗಿಲಿನ ಹಿಂದೆ ಅಂಟಿಸಿದೆವು. ಆಮೇಲೆ ಒಂದು ದಿನವೂ ಜಗಳವಾಗಲಿಲ್ಲ. ಕೀಬೋರ್ಡಿನ ಹುಡುಗ ಅರ್ಧ ಗಂಟೆ ಮೊದಲೇ ಬಂದು ನಮ್ಮ ಮಕ್ಕಳಿಗೆ ಶ್ರುತಿ ಹಿಡಿಯಲು ಹೇಳಿಕೊಡತೊಡಗಿದ.

ನೆರೆಹೊರೆಯವರ ವಿಚಾರದಲ್ಲೂ ನಾವು ಕಲಿತದ್ದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೂ ವಾದ್ಯಕ್ಕೂ ನಿರ್ಬಂಧವಿದೆ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45 ಡೆಸಿಬಲ್ ಎಂಬ ಮಿತಿಯಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ಜಾಗವನ್ನು ನಿಶ್ಶಬ್ದ ವಲಯವೆಂದು ಸಾರುವ ಅವಕಾಶವೂ ಅದರಲ್ಲಿದೆ. ಆದ್ದರಿಂದ ಪಾಠದ ಹೊತ್ತಿನಲ್ಲಿ ಚೆಂಡೆ ಬೇಡ, ಅಭ್ಯಾಸಕ್ಕೆ ಧ್ವನಿವರ್ಧಕ ಬೇಡವೇ ಬೇಡ, ಕತ್ತಲಾಗುವ ಮೊದಲು ಮುಗಿಸೋಣ. ಕೇರಳದ ಚೆಂಡೆಮೇಳದ ಗುರುಗಳು ಎಳೆಯ ಮಕ್ಕಳಿಗೆ ಮೊದಲು ಹುಣಸೆಮರದ ಕೋಲಿನಿಂದ ಕಲ್ಲಿನ ಮೇಲೋ ಮರದ ಮೇಲೋ ಬಾರಿಸಲು ಕಲಿಸುತ್ತಾರೆ. ನಾವೂ ಹಾಗೆ ಮಾಡಿದ್ದೇವೆ. ಕೈ ಕೂರಲು ಮನೆಯಲ್ಲಿ ಹಲಗೆ ಸಾಕು. ರೂಪಕದ ಆರು, ತ್ರಿವುಡೆಯ ಏಳು ಅಕ್ಷರಗಳನ್ನು ಬಾಯಿತಾಳ ಹೇಳುತ್ತ ಕೈಯಲ್ಲಿ ಎಣಿಸಿದರೆ ಯಾರ ನಿದ್ರೆಯೂ ಕೆಡುವುದಿಲ್ಲ. ಕೂಡಿ ಬಾರಿಸಲು ಮಾತ್ರ ಕೋಣೆ ಬೇಕು. ಕೋಣೆಯಲ್ಲಿ ಸದ್ದು ಮಾರ್ದನಿಸಿದರೆ ಪದ್ಯದ ಮಾತು ಕೇಳಿಸುವುದಿಲ್ಲ. ಅದಕ್ಕೆ ಹಳೆಯ ಗೋಣಿ, ಚಾಪೆ, ದಪ್ಪ ಬಟ್ಟೆಯನ್ನು ಗೋಡೆಗೆ ತೂಗುಹಾಕಿದರೆ ಎಷ್ಟೋ ವಾಸಿ.

ಇನ್ನು ನನ್ನ ವಿನಂತಿ. ಗ್ರಂಥಾಲಯದ ಮಾಡು ಈ ವರ್ಷ ರಿಪೇರಿಗೆ ಬಂದಿದೆ. ಎರಡೂ ತಂಡಗಳು ಮತ್ತೆ ಹೊರಗೆ ಬಿದ್ದಿವೆ. ನಮ್ಮ ಶಾಲೆಯ ಸಭಾಂಗಣ ಸಂಜೆ ನಾಲ್ಕರ ಮೇಲೆ ಖಾಲಿ. ಹಿಂದೊಮ್ಮೆ ಬೆಂಚು ಮುರಿದದ್ದು, ರಾತ್ರಿಯಿಡೀ ಲೈಟು ಉರಿದದ್ದು ನಿಜ. ಹೊರಗಿನವರಿಗೆ ಕೊಡಬಾರದೆಂಬ ನಿರ್ಧಾರ ಆಗ ಆದದ್ದು. ಆ ಭಯಕ್ಕೆ ಉತ್ತರ ಬಾಗಿಲು ಮುಚ್ಚುವುದಲ್ಲ, ಹೊಣೆ ಹೊರುವ ಜನ. ಆದ್ದರಿಂದ ಮೂರು ಮಾತು ಕೇಳಿಕೊಳ್ಳುತ್ತೇನೆ. ಒಂದು, ಸಭಾಂಗಣವನ್ನು ವಾರಕ್ಕೆರಡು ಸಂಜೆ ಕೊಡಬೇಕೆಂದು ರಕ್ಷಕ–ಶಿಕ್ಷಕ ಸಂಘವೇ ಲಿಖಿತವಾಗಿ ಮುಖ್ಯೋಪಾಧ್ಯಾಯರನ್ನೂ ಪಂಚಾಯತನ್ನೂ ಕೇಳಬೇಕು. ಎರಡು, ಪ್ರತಿ ಸಂಜೆ ಇಬ್ಬರು ರಕ್ಷಕರು ಸರದಿಯಂತೆ ಬಂದು ಕೂರಬೇಕು, ಬೀಗ ಹಾಕುವವರೆಗೂ ಇರಬೇಕು. ಮೂರು, ಗಾನಮೇಳದ ಹುಡುಗರಿಗೂ ಅದೇ ಕಾಗದ, ಅದೇ ನಿಯಮದಲ್ಲಿ ಒಂದು ಸಂಜೆ ಕೊಡಬೇಕು. ‘ಅವರು ಮಲಯಾಳಂ ಹಾಡು ಹಾಡುವವರು, ಕನ್ನಡ ಶಾಲೆಯಲ್ಲಿ ಯಾಕೆ?’ ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಕಳೆದ ವರ್ಷ ನಮಗೆ ಸಭಾಂಗಣದ ಅರ್ಧ ಬಿಟ್ಟುಕೊಟ್ಟವರು ಅವರು. ನಾಳೆ ಈ ಶಾಲೆಗೆ ತಮ್ಮ ಮಕ್ಕಳನ್ನು ಸೇರಿಸಬೇಕಾದವರೂ ಅವರೇ. ಬಾಗಿಲಿನಿಂದ ಅಟ್ಟಿದವರ ಮಕ್ಕಳು ಒಳಗೆ ಬರುತ್ತಾರೆಯೇ?

ಜೂನಿನಲ್ಲಿ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುವಾಗ ನಮ್ಮ ಎದೆ ಹೇಗೆ ಬಡಿದುಕೊಳ್ಳುತ್ತದೆಂದು ನಿಮಗೆ ಗೊತ್ತು. ಸಂಖ್ಯೆ ಇಳಿದರೆ ಡಿವಿಜನ್ ಹೋಗುತ್ತದೆ, ಹುದ್ದೆ ಹೋಗುತ್ತದೆ. ಚೆಂಡೆಯೊಂದು ಶಾಲೆಯನ್ನು ಉಳಿಸುತ್ತದೆಂದು ನಾನು ಹೇಳಲಾರೆ. ಆದರೆ ಸಂಜೆ ಆರರವರೆಗೆ ದೀಪ ಉರಿಯುವ, ಮಕ್ಕಳ ಸದ್ದು ಕೇಳುವ ಶಾಲೆಯನ್ನು ಊರವರು ತಮ್ಮದೆಂದು ತಿಳಿಯುತ್ತಾರೆ. ನಮ್ಮ ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ವಿಧಿ ನಮಗೆ ಕೊಟ್ಟಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಸಂದರ್ಭದಲ್ಲಿ ಸೇರಿಸಿದ 350ಎ ವಿಧಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಹಕ್ಕಿಗಾಗಿ ಹೋರಾಡೋಣ. ಆದರೆ ಸಭಾಂಗಣದ ಬೀಗದ ಕೈಯನ್ನು ಯಾವ ವಿಧಿಯೂ ಮನೆಗೆ ತಂದುಕೊಡುವುದಿಲ್ಲ. ಅದನ್ನು ನಾವೇ ಹೋಗಿ ಕೇಳಬೇಕು, ಕೇಳಿ ಪಡೆದದ್ದನ್ನು ಚೆನ್ನಾಗಿ ನೋಡಿಕೊಳ್ಳಬೇಕು.

ಈ ಮಾತನ್ನು ಓದುವ ಬೇರೆ ಗಡಿನಾಡಿನ ರಕ್ಷಕರಿಗೂ ಒಂದು ಮಾತು. ನಿಮ್ಮಲ್ಲಿ ಚೆಂಡೆ ಇಲ್ಲದಿರಬಹುದು; ಭಜನೆಯ ತಂಡವೋ ಡೊಳ್ಳೋ ಕಂಸಾಳೆಯೋ ಇರಬಹುದು. ಅಭ್ಯಾಸಕ್ಕೆ ಮಕ್ಕಳು ಎಲ್ಲಿ ಕೂರುತ್ತಾರೆಂದು ಒಮ್ಮೆ ಹೋಗಿ ನೋಡಿ.

ಗುರುಗಳು ಮುಂದಿನ ಸೋಮವಾರ ಬರುತ್ತೇನೆಂದಿದ್ದಾರೆ. ಸಭೆ ಮುಗಿದ ಮೇಲೆ ಸರದಿಯ ಪಟ್ಟಿ ಈ ಮೇಜಿನ ಮೇಲಿರುತ್ತದೆ. ಮೊದಲ ಸಂಜೆಗೆ ನನ್ನ ಹೆಸರು ಬರೆದಿದ್ದೇನೆ. ಇನ್ನೊಂದು ಹೆಸರಿನ ಜಾಗ ಖಾಲಿ ಇದೆ.